ನೀರು ಬಂದ ದಾರಿಯಲ್ಲಿ ಸೈಕಲ್

ಮುಂಬೈಗೆ ಸೈಕಲ್ ಪಥ ಕಟ್ಟಿಕೊಡುತ್ತೇವೆಂದು ಹೊರಟ ಯೋಜನೆಗಳು ಒಂದರ ಹಿಂದೊಂದು ಮುಗ್ಗರಿಸಿವೆ. ಆದರೆ ಕಾಡಂಚಿನ ರಸ್ತೆ, ನದಿದಂಡೆ, ಪೈಪ್‌ಲೈನಿನ ಮಗ್ಗುಲ ದಾರಿ ಎಲ್ಲವೂ ಇಲ್ಲಿ ಮೊದಲೇ ಇವೆ. ಇನ್ನಷ್ಟು ಸಿಮೆಂಟ್ ಬೇಡ, ಒಂದು ಗೇಟು ಸಾಕು.

ಮಳೆ ಹಿಂದೆ ಸರಿದು, ದೀಪಾವಳಿಯ ಸದ್ದೂ ಅಡಗಿದ ಮೇಲಿನ ಒಂದು ಭಾನುವಾರ. ಬೊರಿವಲಿ ಪೂರ್ವದಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಎಂದಿನಂತೆ ಮೊರೆಯುತ್ತಿದೆ. ಅದಕ್ಕೆ ಬೆನ್ನು ಹಾಕಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದರೆ ಬಾಡಿಗೆ ಸೈಕಲ್‌ಗಳ ಸಾಲು. ಮಕ್ಕಳು ಸೀಟಿನ ಎತ್ತರಕ್ಕೆ ಕಾಲು ಅಳೆದು ನೋಡುತ್ತಾರೆ, ದೊಡ್ಡವರು ಬ್ರೇಕ್ ಹಿಚುಕಿ ನೋಡುತ್ತಾರೆ. ಮೊದಲ ತಿರುವಿನವರೆಗೆ ಹಾರ್ನ್ ಬೆನ್ನಟ್ಟಿ ಬರುತ್ತದೆ. ಎರಡನೆಯ ತಿರುವಿನಲ್ಲಿ ಅದು ತೆಳ್ಳಗಾಗಿ, ಅದರ ಜಾಗದಲ್ಲಿ ದಹಿಸರ್ ನದಿಯ ಸದ್ದು ಕೇಳಿಸುತ್ತದೆ. ಕರಿಗಲ್ಲುಗಳ ನಡುವೆ ಮೊಣಕಾಲುದ್ದದ ನೀರು, ಆಚೆ ದಂಡೆಯಲ್ಲಿ ಬಿದಿರು, ರಸ್ತೆಗೆ ಅಡ್ಡವಾಗಿ ಸಂಸಾರ ಸಮೇತ ಕುಳಿತ ಕೋತಿಗಳು. ಆಮೇಲೆ ಏರು. ಗೇರ್ ಇಲ್ಲದ ಸೈಕಲ್ಲಿನವರು ಇಳಿದು ತಳ್ಳುತ್ತಾರೆ, ಉಳಿದವರು ಸೀಟು ಬಿಟ್ಟೆದ್ದು ತುಳಿಯುತ್ತಾರೆ. ಸುಮಾರು ಆರೇಳು ಕಿಲೋಮೀಟರ್ ಕಳೆದಾಗ ರಸ್ತೆ ಮುಗಿಯುತ್ತದೆ. ಎದುರಿಗೆ ಕನ್ಹೇರಿ ಗುಹೆಗಳ ಮೆಟ್ಟಿಲು.

ರಸ್ತೆ ಅಲ್ಲಿಗೆ ಮುಗಿಯುತ್ತದೆ ಎಂಬ ಸಣ್ಣ ಸಂಗತಿಯ ಮೇಲೆಯೇ ಈ ಲೇಖನದ ವಾದ ನಿಂತಿದೆ. ಒಂದೂಕಾಲು ಕೋಟಿ ಜನರ ನಗರದಲ್ಲಿ ಎಂಟು ವರ್ಷದ ಮಗು ಹೆದರದೆ ಪೆಡಲ್ ತುಳಿಯಬಹುದಾದ ರಸ್ತೆಗಳು ತೀರಾ ಕಡಿಮೆ, ಇದು ಅವುಗಳಲ್ಲಿ ಒಂದು. ಇದನ್ನು ಯಾರೂ ಸೈಕಲ್‌ಗೆಂದು ಕಟ್ಟಿದ್ದಲ್ಲ. ಇಲ್ಲಿ ಹಸಿರು ಬಣ್ಣದ ಪಟ್ಟಿಯಾಗಲಿ, ಉದ್ಘಾಟನೆಯ ಫಲಕವಾಗಲಿ ಇಲ್ಲ. ಇರುವುದು ಎರಡೇ: ಒಂದು ತುದಿಯಲ್ಲಿ ಹೊತ್ತಿಗೆ ಸರಿಯಾಗಿ ಮುಚ್ಚುವ ಗೇಟು, ಇನ್ನೊಂದು ತುದಿಯಲ್ಲಿ ಬೆಟ್ಟ. ಈ ರಸ್ತೆ ಹಿಡಿದು ಠಾಣೆಗೋ ಮುಲುಂಡಿಗೋ ಬೇಗ ತಲುಪಲು ಆಗುವುದಿಲ್ಲ. ಹಾಗಾಗಿ ಅವಸರದಲ್ಲಿರುವ ಯಾವ ವಾಹನಕ್ಕೂ ಇದು ಬೇಡ. ವಾಹನಗಳಿಗೆ ಅಡ್ಡದಾರಿಯಾಗದ ರಸ್ತೆ ತಾನಾಗಿಯೇ ಸೈಕಲ್ಲಿನ ರಸ್ತೆಯಾಗುತ್ತದೆ. ಮುಂಬೈಯ ಆಡಳಿತ ಈ ಸತ್ಯವನ್ನು ಬಿಟ್ಟು ಉಳಿದೆಲ್ಲವನ್ನೂ ಪ್ರಯತ್ನಿಸಿದೆ ಎಂಬುದು ನನ್ನ ದೂರು.

ಇಂಥ ರಸ್ತೆಗಳು ಮುಂಬೈಯಲ್ಲಿ ಇರುವುದಾದರೂ ಹೇಗೆ? ಉತ್ತರ ನೀರಿನಲ್ಲಿದೆ. ಈ ನಗರ ಸಮುದ್ರದ ನಡುವೆ ಬಾಯಾರಿ ನಿಂತ ದ್ವೀಪಗಳ ಗುಂಪಾಗಿತ್ತು. ಬಾವಿ, ತೊಟ್ಟಿಗಳು ಸಾಲದೆ ಹೋದಾಗ, ಮಿಠಿ ನದಿಯ ಮೇಲುಹರಿವಿಗೆ ಒಡ್ಡು ಹಾಕಿ 1860ರ ಹೊತ್ತಿಗೆ ವಿಹಾರ್ ಕೆರೆ ಕಟ್ಟಿದರು. ಮುಂಬೈಗೆ ಕೊಳವೆಯಲ್ಲಿ ಬಂದ ಮೊದಲ ನೀರು ಅದು. 1879ರಲ್ಲಿ ತುಳಸಿ, 1891ರ ಸುಮಾರಿಗೆ ಪೊವಾಯಿ, 1892ರಲ್ಲಿ ದೂರದ ಶಹಾಪುರ ಸೀಮೆಯ ತಾನ್ಸಾ. ಕೆರೆ ಶುದ್ಧವಾಗಿರಬೇಕಾದರೆ ಅದರ ಜಲಾನಯನದಲ್ಲಿ ಊರು ಬೆಳೆಯಬಾರದು. ಹೀಗಾಗಿ ವಿಹಾರ್, ತುಳಸಿಗಳ ಸುತ್ತಿನ ಕಾಡನ್ನು ಕೊಡಲಿಗೆ ಬಲಿಕೊಡಲಿಲ್ಲ. ಇಂದು ಸುಮಾರು 104 ಚದರ ಕಿಲೋಮೀಟರ್ ಹಬ್ಬಿರುವ ರಾಷ್ಟ್ರೀಯ ಉದ್ಯಾನ ಉಳಿದದ್ದರ ಹಿಂದೆ ಹುಲಿ ಚಿರತೆಗಳ ಮೇಲಿನ ಪ್ರೀತಿಗಿಂತ ಕುಡಿಯುವ ನೀರಿನ ಚಿಂತೆಯ ಪಾಲು ದೊಡ್ಡದು. ಕಾಡು ಉಳಿದದ್ದರಿಂದ ನದಿಗಳ ಹುಟ್ಟೂ ಉಳಿಯಿತು. ದಹಿಸರ್ ನದಿ ತುಳಸಿ ಕೆರೆಯ ಬದಿಯಿಂದ ಇಳಿಯುತ್ತದೆ. ವಿಹಾರ್ ಮತ್ತು ಪೊವಾಯಿ ತುಂಬಿ ಹರಿದ ನೀರು ಮಿಠಿಯಾಗುತ್ತದೆ. ಪೊಯಿಸರ್, ಓಶಿವಾರಾ ನದಿಗಳೂ ಇದೇ ಗುಡ್ಡಸಾಲಿನ ಮಕ್ಕಳು.

ಕನ್ಹೇರಿಯ ಕಥೆ ಇದಕ್ಕಿಂತ ಹಳೆಯದು. ಕೃಷ್ಣಗಿರಿ ಎಂಬ ಹೆಸರಿನ ಆ ಕರಿಗಲ್ಲಿನ ಬೆಟ್ಟದಲ್ಲಿ ಬೌದ್ಧ ಭಿಕ್ಷುಗಳು ಸಾವಿರ ವರ್ಷದ ಅವಧಿಯಲ್ಲಿ ನೂರಕ್ಕೂ ಮಿಕ್ಕಿ ಗುಹೆಗಳನ್ನು ಕೊರೆದರು. ಹೆಚ್ಚಿನ ಗುಹೆಗಳ ಬಾಗಿಲಲ್ಲೂ ಮಳೆನೀರು ಹಿಡಿಯುವ ತೊಟ್ಟಿ ಇದೆ. ಬಂಡೆಯ ಮೈಮೇಲಿನ ಸಣ್ಣ ಸಣ್ಣ ಕಾಲುವೆಗಳು ಜಾರುವ ನೀರನ್ನು ಆ ತೊಟ್ಟಿಗೆ ತಂದು ಬಿಡುತ್ತವೆ. ಸೋಪಾರಾ, ಕಲ್ಯಾಣದ ವ್ಯಾಪಾರಿಗಳು ಇಲ್ಲಿಗೆ ದಾನ ಕೊಟ್ಟ ಶಾಸನಗಳು ಸಿಕ್ಕಿವೆ, ಎಂದರೆ ಬಂದರುಗಳಿಂದ ಈ ಬೆಟ್ಟಕ್ಕೆ ಕಾಲುದಾರಿಗಳಿದ್ದವು. ಕನ್ನಡ ಓದುಗರ ಮನಸ್ಸು ಅರಳಿಸುವ ಮಾತೊಂದು ಇಲ್ಲಿದೆ. 9ನೇ ಶತಮಾನದ ಕನ್ಹೇರಿ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರು ಬರುತ್ತದೆ. ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಮಾಂಡಲಿಕರು. ಅವನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಮೂಡಿದ ಕಾಲದಲ್ಲೇ ಈ ಬೆಟ್ಟದ ವಿಹಾರಕ್ಕೆ ದತ್ತಿಗಳು ಸಂದವು. ಭಾನುವಾರದ ಬೆಳಿಗ್ಗೆ ಬೊರಿವಲಿಯಿಂದ ಏರಿ ಬಂದ ಸೈಕಲ್ಲು ನಿಲ್ಲುವುದು, ಹಾಗೆ ನೋಡಿದರೆ, ನೃಪತುಂಗನ ಸೀಮೆಯೊಳಗೇ.

ಪೆಟ್ಟಿಗೆ: ಎಂಟು ವರ್ಷಕ್ಕೊಮ್ಮೆ ನೇರಳೆ
ಉದ್ಯಾನದ ಗುಡ್ಡಗಳಲ್ಲಿ ಕಾರ್ವಿ ಎಂಬ ಪೊದೆ ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಹೂ ಬಿಟ್ಟು, ಬೀಜ ಚೆಲ್ಲಿ ಸಾಯುತ್ತದೆ. ಹಿಂದಿನ ಹೂಗಳು 2016 ಮತ್ತು 2024ರ ಮಳೆಗಾಲದ ಕೊನೆಗೆ ಅರಳಿದವು. ಲೆಕ್ಕ ತಪ್ಪದಿದ್ದರೆ ಮುಂದಿನದು 2032ರಲ್ಲಿ.

ಜಗತ್ತಿನಲ್ಲಿ ನದಿದಂಡೆಯ ಸೈಕಲ್ ದಾರಿಗಳು ಹೇಗೆ ಹುಟ್ಟಿದವು ಎಂದು ನೋಡಿದರೆ ಈ ವಾದಕ್ಕೆ ಬಲ ಬರುತ್ತದೆ. ಯುರೋಪಿನಲ್ಲಿ ಅತಿ ಹೆಚ್ಚು ಜನ ಸವಾರಿ ಮಾಡುವ ದಾರಿಗಳಲ್ಲೊಂದು ಡ್ಯಾನ್ಯೂಬ್ ನದಿಯ ಅಂಚಿನದು. ಜರ್ಮನಿಯ ಪಾಸೌ ಪಟ್ಟಣದಿಂದ ಆಸ್ಟ್ರಿಯಾದ ವಿಯೆನ್ನಾದವರೆಗಿನ ಭಾಗವೇ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಬಹಳಷ್ಟು ಭಾಗವನ್ನು ಸೈಕಲ್‌ಗಾಗಿ ಮಾಡಿದ್ದಲ್ಲ. ಹಿಂದೆ ದೋಣಿಗಳನ್ನು ಹರಿವಿಗೆ ಎದುರಾಗಿ ಎಳೆಯುತ್ತಿದ್ದ ಕುದುರೆಗಳು ದಂಡೆಯ ಮೇಲೆ ನಡೆಯಲು ಒಂದು ಹಾದಿ ಬೇಕಿತ್ತು. ಉಗಿ ಎಂಜಿನ್ ಬಂದು ಕುದುರೆಗಳು ಹೋದವು, ಹಾದಿ ಉಳಿಯಿತು. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಡುವಿನ ಸುಮಾರು 21 ಕಿಲೋಮೀಟರ್ ಸೈಕಲ್ ದಾರಿ ಮುಚ್ಚಿಹೋದ ರೈಲುಹಳಿಯ ಜಾಗ. 1979ರಿಂದ ಸ್ವಯಂಸೇವಕರು ಮಣ್ಣು ಹೊತ್ತು ಅದನ್ನು ತುಂಡುತುಂಡಾಗಿ ಮಾಡಿದರು. ಬೇರೆ ಕೆಲಸಕ್ಕೆಂದು ಮಾಡಿದ ಸಮತಟ್ಟಾದ, ಅಖಂಡವಾದ, ಮನೆ ಅಂಗಡಿಗಳ ಬಾಗಿಲಿಲ್ಲದ ಪಟ್ಟಿಯೊಂದು ಕೈಯಲ್ಲಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ, ಮುಚ್ಚಿಡಬಾರದು. ದಕ್ಷಿಣ ಕೊರಿಯಾ 2012ರಲ್ಲಿ ಇಂಚಿಯಾನ್‌ನಿಂದ ಬೂಸಾನ್‌ವರೆಗೆ 633 ಕಿಲೋಮೀಟರ್ ನದಿದಂಡೆಯ ದಾರಿ ತೆರೆಯಿತು. ಸವಾರರಿಗೆ ಅದು ಸ್ವರ್ಗ. ಆದರೆ ಅದು ಬಂದದ್ದು ನದಿಗಳಿಗೆ 16 ಒಡ್ಡು ಹಾಕಿದ ಬೃಹತ್ ಯೋಜನೆಯ ಬಾಲ ಹಿಡಿದು. ಆ ಒಡ್ಡುಗಳ ಹಿಂದೆ ನಿಂತ ನೀರು ಪಾಚಿಗಟ್ಟಿದ ಬಗ್ಗೆ ಅಲ್ಲಿ ಇಂದಿಗೂ ಜಗಳವಿದೆ. ಸೈಕಲ್ಲಿನ ಹೆಸರಿನಲ್ಲಿ ನದಿಯನ್ನು ಕಟ್ಟಿಹಾಕಿದರೆ ದಾರಿ ಸಿಗಬಹುದು, ನದಿ ಉಳಿಯುವ ಭರವಸೆ ಇಲ್ಲ.

ಮುಂಬೈ ಆರಿಸಿಕೊಂಡದ್ದು ಕಟ್ಟುವ ಹಾದಿಯನ್ನು. 2011ರ ಸುಮಾರಿಗೆ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಲ್ಲಿ ರಸ್ತೆಯಂಚಿಗೆ ಸುಮಾರು 13 ಕಿಲೋಮೀಟರ್ ಸೈಕಲ್ ಪಥ ಮಾಡಲಾಯಿತು. ಬಣ್ಣ ಒಣಗುವ ಮೊದಲೇ ಅದರ ಮೇಲೆ ಕಾರುಗಳು ನಿಂತವು. ಸೈಕಲ್ ಸವಾರರು ಪಥ ಬಿಟ್ಟು ರಸ್ತೆಗಿಳಿದರು, ಆಗ 'ಪಥ ಮಾಡಿಕೊಟ್ಟರೂ ಯಾರೂ ಬಳಸುವುದಿಲ್ಲ' ಎಂಬ ಮಾತು ಹುಟ್ಟಿತು. ಕೊನೆಗೆ ವಾಹನಗಳಿಗೆ ರಸ್ತೆ ಅಗಲಿಸಲು ಆ ಪಥವನ್ನೇ ಕಿತ್ತುಹಾಕುವ ನಿರ್ಧಾರವಾಯಿತು. ಇದರಿಂದ ಕಲಿಯಬೇಕಾದದ್ದು ಮುಂಬೈಗರಿಗೆ ಸೈಕಲ್ ಬೇಡ ಎಂಬುದನ್ನಲ್ಲ. ಕಾರು ಏರಲು ಸಾಧ್ಯವಿರುವ ಕಡೆ ಕಾರು ಏರುತ್ತದೆ, ಬಣ್ಣ ಅದನ್ನು ತಡೆಯುವುದಿಲ್ಲ. ಕನ್ಹೇರಿ ರಸ್ತೆಯಲ್ಲಿ ಬಣ್ಣವಿಲ್ಲದೆ ಆದದ್ದು ಇಲ್ಲಿ ಬಣ್ಣವಿದ್ದೂ ಆಗಲಿಲ್ಲ.

ಪೊವಾಯಿಯದು ಇನ್ನೂ ನೋವಿನ ಪ್ರಸಂಗ. 2021ರಲ್ಲಿ ಮಹಾನಗರ ಪಾಲಿಕೆ ಪೊವಾಯಿ ಕೆರೆಯ ಸುತ್ತ ಸುಮಾರು 10 ಕಿಲೋಮೀಟರ್ ಸೈಕಲ್ ಮತ್ತು ನಡಿಗೆಯ ಪಥ ಕಟ್ಟಲು ಹೊರಟಿತು. ಜಾಗ ಸಾಲದ ಕಡೆ ತಂತಿಬಲೆಯಲ್ಲಿ ಕಲ್ಲು ತುಂಬಿ ಕೆರೆಯಂಗಳದೊಳಗೇ ಇಳಿಸಲಾಯಿತು. ನೀರು ಇಂಗುವುದರಿಂದ ಕೆರೆಗೆ ತೊಂದರೆಯಿಲ್ಲ ಎಂಬುದು ಪಾಲಿಕೆಯ ಸಮರ್ಥನೆ. ಆದರೆ ಪೊವಾಯಿ ಮೊಸಳೆಗಳಿರುವ ಕೆರೆ. ಅವು ಬಿಸಿಲು ಕಾಯುವುದು, ಮೊಟ್ಟೆಯಿಡುವುದು ಆ ದಂಡೆಯ ಮಣ್ಣಿನಲ್ಲೇ. ಪಕ್ಕದ ಐಐಟಿಯ ಸಂಶೋಧನಾ ವಿದ್ಯಾರ್ಥಿಗಳು ಬಾಂಬೆ ಹೈಕೋರ್ಟಿಗೆ ಹೋದರು. 2022ರ ಮೇ 6ರಂದು ಮುಖ್ಯ ನ್ಯಾಯಮೂರ್ತಿ ದೀಪಂಕರ್ ದತ್ತಾ ಮತ್ತು ನ್ಯಾಯಮೂರ್ತಿ ವಿ.ಜಿ. ಬಿಷ್ಟ್ ಅವರಿದ್ದ ಪೀಠ ಕಾಮಗಾರಿಯನ್ನು ಕಾನೂನುಬಾಹಿರ ಎಂದು ತೀರ್ಮಾನಿಸಿ, ಹಾಕಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಸೈಕಲ್ಲನ್ನು ಪ್ರೀತಿಸುವವರು ಈ ತೀರ್ಪನ್ನು ಸೋಲೆಂದು ಭಾವಿಸಬಾರದು. ಕೆರೆಯ ಮೇಲೆ ಕಲ್ಲು ಸುರಿದು ಮಾಡಿದ ದಾರಿಯಲ್ಲಿ ಸವಾರಿ ಮಾಡಿ 'ಪ್ರಕೃತಿಯ ಮಡಿಲು' ಎಂದು ಹಾಡುವುದಕ್ಕಿಂತ ಆ ದಾರಿ ಇಲ್ಲದಿರುವುದೇ ಮೇಲು.

ಹಾಗಾದರೆ ಕಟ್ಟದೆ ಸಿಗುವ ದಾರಿ ಯಾವುದು? ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಹುದಾದದ್ದು ತಾನ್ಸಾ ಪೈಪ್‌ಲೈನ್. ಆಳೆತ್ತರ ಮೀರಿದ ಉಕ್ಕಿನ ಕೊಳವೆಗಳು ಮುಲುಂಡಿನಲ್ಲಿ ನಗರದೊಳಕ್ಕೆ ಬಂದು, ಭಾಂಡುಪ್, ಘಾಟ್ಕೋಪರ್ ಹಾದು ಸಯನ್ ಕಡೆಗೆ ಸಾಗುತ್ತವೆ. ಕೊಳವೆಯನ್ನು ಕಾಯಲು, ದುರಸ್ತಿ ಮಾಡಲು ಪಕ್ಕದಲ್ಲಿ ಪಟ್ಟಿಯೊಂದು ಬೇಕೇ ಬೇಕು. ಡ್ಯಾನ್ಯೂಬಿನ ಕುದುರೆಹಾದಿ ಹೇಗೋ ಹಾಗೆಯೇ ಇದೂ ಬೇರೆ ಕೆಲಸಕ್ಕೆ ಹುಟ್ಟಿದ ಸಮತಟ್ಟಾದ ದಾರಿ. ಕೊಳವೆಯ ಎರಡೂ ಬದಿ ಹತ್ತು ಹತ್ತು ಮೀಟರ್ ಖಾಲಿ ಇರಬೇಕೆಂದು ಹೈಕೋರ್ಟ್ ಆದೇಶಿಸಿದ ಮೇಲೆ, ತೆರವಾದ ಜಾಗ ಮತ್ತೆ ಒತ್ತುವರಿಯಾಗದಿರಲೆಂದು ಪಾಲಿಕೆ 39 ಕಿಲೋಮೀಟರ್ ಉದ್ದದ ಸೈಕಲ್ ಮತ್ತು ನಡಿಗೆಯ ಹಾದಿಯ ಯೋಜನೆ ಪ್ರಕಟಿಸಿತು. 'ಗ್ರೀನ್ ವೀಲ್ಸ್ ಅಲಾಂಗ್ ಬ್ಲೂ ಲೈನ್ಸ್' ಎಂಬ ಹೆಸರೂ ಬಂತು. ಘೋಷಿಸಿದಂತೆ ಅಖಂಡವಾಗಿ ಅದು ತೆರೆದುಕೊಳ್ಳಲಿಲ್ಲ. ನೂರಾರು ಕೋಟಿಯ ಅಂದಾಜು, ಸೇತುವೆ, ಅಲಂಕಾರ, ಟೆಂಡರು ಎಂದು ಹಿಗ್ಗುತ್ತ ಹೋದ ಯೋಜನೆ ತನ್ನ ಭಾರಕ್ಕೆ ತಾನೇ ಕುಸಿಯಿತು ಎಂಬುದು ನನ್ನ ಅಭಿಪ್ರಾಯ. ಗಟ್ಟಿ ಮಣ್ಣಿನ ಹಾದಿ, ಎರಡು ತುದಿಯಲ್ಲಿ ಗೇಟು, ನಡುವೆ ಅಲ್ಲಲ್ಲಿ ಕಾವಲುಗಾರ, ಇಷ್ಟರಿಂದ ಶುರು ಮಾಡಿದ್ದರೆ ಇಷ್ಟು ಹೊತ್ತಿಗೆ ಒಂದು ಪೀಳಿಗೆಯ ಮಕ್ಕಳು ಅಲ್ಲಿ ಸೈಕಲ್ ಕಲಿತಿರುತ್ತಿದ್ದರು.

ಇಲ್ಲಿ ಎದುರಾಗುವ ಆಕ್ಷೇಪ ಹಗುರವಾದದ್ದಲ್ಲ. ಆ ಕೊಳವೆಯ ಮಗ್ಗುಲಲ್ಲಿ ಸಾವಿರಾರು ಕುಟುಂಬಗಳು ಜೋಪಡಿ ಕಟ್ಟಿಕೊಂಡು ದಶಕಗಳಿಂದ ಬಾಳಿದ್ದವು. ಅವರನ್ನು ಎಬ್ಬಿಸಿ ಮಾಹುಲ್‌ಗೆ ಕಳಿಸಲಾಯಿತು. ಮಾಹುಲ್ ಎಂದರೆ ತೈಲ ಶುದ್ಧೀಕರಣ ಘಟಕ, ರಾಸಾಯನಿಕ ಸ್ಥಾವರಗಳ ನಡುವಿನ ಜಾಗ. ಅಲ್ಲಿನ ಗಾಳಿ ಆರೋಗ್ಯಕ್ಕೆ ಹಾನಿಕರ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಹೋದವರು ಕೆಮ್ಮು, ಚರ್ಮರೋಗಗಳೊಂದಿಗೆ ತಿರುಗಿ ಬಂದು ವಿದ್ಯಾವಿಹಾರದ ಪೈಪ್‌ಲೈನ್ ಪಕ್ಕದಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತರು. 2019ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್, ಮಾಹುಲ್‌ಗೆ ಹೋಗಲೊಲ್ಲದವರಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡುವಂತೆ ಪಾಲಿಕೆಗೆ ಆದೇಶಿಸಿತು. ಬಡವರನ್ನು ವಿಷಗಾಳಿಗೆ ಅಟ್ಟಿ ಆ ಜಾಗದಲ್ಲಿ ಉಳ್ಳವರು ಸೈಕಲ್ ಓಡಿಸುವುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ತಲೆಬಾಗಬೇಕು. ನನ್ನ ಉತ್ತರ ಎರಡು ಹಂತದ್ದು. ತೆರವಿಗೆ ಕಾರಣವಾದದ್ದು ಕೊಳವೆಯ ಭದ್ರತೆ ಮತ್ತು ಕೋರ್ಟಿನ ಆದೇಶವೇ ಹೊರತು ಸೈಕಲ್ ಅಲ್ಲ, ಹಾದಿ ಬಂದರೂ ಬರದಿದ್ದರೂ ತೆರವು ಆಗುತ್ತಿತ್ತು. ಹಾಗೆಂದು ಹಾದಿಗೆ ಋಣವಿಲ್ಲ ಎನ್ನಲಾಗದು. ಎಬ್ಬಿಸಲ್ಪಟ್ಟ ಪ್ರತಿ ಕುಟುಂಬಕ್ಕೂ ಬದುಕಲು ಯೋಗ್ಯವಾದ ಕಡೆ ಮನೆ ಸಿಗುವವರೆಗೆ ಹಾದಿಯ ಉದ್ಘಾಟನೆ ನಡೆಯಬಾರದು. ಇಂದಿಗೂ ಪೈಪ್‌ಲೈನಿನ ಆಚೀಚೆ ಬದುಕುತ್ತಿರುವ ವಸತಿಗಳ ಮಕ್ಕಳಿಗೆ ಆ ಹಾದಿಯ ಮೊದಲ ಹಕ್ಕು ಇರಬೇಕು. ಆಟದ ಮೈದಾನವಿಲ್ಲದ ಆ ಓಣಿಗಳಲ್ಲಿ ವಾಹನವಿಲ್ಲದ ಪಟ್ಟಿಯೊಂದು ಸಿಕ್ಕರೆ ಹೆಚ್ಚು ಬಳಸುವವರು ಅವರೇ.

'ಮುಂಬೈಯಲ್ಲಿ ಸೈಕಲ್ ಯಾರು ಹೊಡೆಯುತ್ತಾರೆ' ಎಂಬ ಮಾತು ಇದರ ಬೆನ್ನಿಗೇ ಬರುತ್ತದೆ. ಬೆಳಗಿನ ಐದಕ್ಕೆ ಎದ್ದು ಬೀದಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಹ್ಯಾಂಡಲ್ಲಿಗೆ ಹಾಲಿನ ಚೀಲ ತೂಗಿಸಿದವರು, ಕ್ಯಾರಿಯರ್ ಮೇಲೆ ಪಾವಿನ ಬುಟ್ಟಿ ಕಟ್ಟಿದವರು, ಧಾರಾವಿಯಿಂದ ಇಡ್ಲಿಯ ಪಾತ್ರೆ ಹೊತ್ತು ಹಾರ್ನ್ ಅದುಮುತ್ತ ಹೊರಟವರು, ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು. ಹತ್ತು ಗಂಟೆಯ ಮೇಲೆ ಡಬ್ಬಾವಾಲಾಗಳು. 1890ರಿಂದ ನಡೆದುಬಂದಿರುವ ಅವರ ಕೆಲಸದಲ್ಲಿ ಲೋಕಲ್ ರೈಲು ಮಾಡದ ಭಾಗವನ್ನೆಲ್ಲ ಸೈಕಲ್ಲೇ ಮಾಡುತ್ತದೆ. ಮುಂಬೈಯಲ್ಲಿ ಸೈಕಲ್ ಎಂದೂ ಸತ್ತಿಲ್ಲ. ನಗರ ಅದನ್ನು ದುಡಿಯುವ ಸೈಕಲ್, ವಿಹಾರದ ಸೈಕಲ್ ಎಂದು ಎರಡು ಜಾತಿ ಮಾಡಿ, ಮೊದಲನೆಯದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮುಲುಂಡಿನಿಂದ ಘಾಟ್ಕೋಪರ್‌ಗೆ ಲಾರಿಗಳ ನಡುವೆ ಎಲ್‌ಬಿಎಸ್ ರಸ್ತೆಯಲ್ಲಿ ಜೀವ ಕೈಲಿ ಹಿಡಿದು ಹೋಗುವ ಪಾವ್‌ವಾಲಾಗೆ ಪೈಪ್‌ಲೈನಿನ ಹಾದಿ ದಿನನಿತ್ಯದ ರಕ್ಷಣೆ. ವಾರದ ಆರು ದಿನ ದುಡಿಮೆಗೆ ನೆರವಾಗುವ ಹಾದಿ ಏಳನೆಯ ದಿನ ವಿಹಾರಕ್ಕೆ ಒದಗಿದರೆ ಯಾರಿಗೂ ನಷ್ಟವಿಲ್ಲ.

ಪೆಟ್ಟಿಗೆ: ಸೈಕಲ್‌ಗೆ ಪ್ರವೇಶವಿಲ್ಲ
2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸಾಗರ ಸೇತುವೆ, 2024ರ ಜನವರಿಯಲ್ಲಿ ತೆರೆದ ಸುಮಾರು 22 ಕಿಲೋಮೀಟರಿನ ಅಟಲ್ ಸೇತು, ಅದೇ ಮಾರ್ಚ್‌ನಲ್ಲಿ ಸಂಚಾರ ಶುರುವಾದ ಕರಾವಳಿ ರಸ್ತೆ. ನಗರದ ಹೆಮ್ಮೆಯ ಈ ಮೂರೂ ರಸ್ತೆಗಳ ಮೇಲೆ ಸೈಕಲ್ ಹೋಗುವಂತಿಲ್ಲ.

ಕಾಡಿನ ಮಾತು ಬಂದರೆ ಚಿರತೆಯ ಮಾತು ಬರಲೇಬೇಕು. 2018ರ ಕ್ಯಾಮೆರಾ ಗಣತಿಯಲ್ಲಿ ಉದ್ಯಾನ ಮತ್ತು ಅದರ ಸುತ್ತಿನಲ್ಲಿ 47 ಚಿರತೆಗಳು ದಾಖಲಾದವು, 2024ರ ಗಣತಿಯಲ್ಲಿ 54. ಇಷ್ಟು ಚಿಕ್ಕ ಜಾಗದಲ್ಲಿ, ಇಷ್ಟು ಜನರ ನಡುವೆ ಇಷ್ಟು ಚಿರತೆಗಳು ಜಗತ್ತಿನಲ್ಲೇ ಅಪರೂಪ. 2004ರಲ್ಲಿ ಸಾಲು ಸಾಲು ದಾಳಿಗಳಾಗಿ ಜನ ಸತ್ತದ್ದು, 2022ರ ದೀಪಾವಳಿಯ ಹೊತ್ತಿಗೆ ಆರೆ ಕಾಲೊನಿಯಲ್ಲಿ ಪುಟ್ಟ ಮಗುವೊಂದು ಬಲಿಯಾದದ್ದು ನೆನಪಿನಲ್ಲಿವೆ. ಆದ್ದರಿಂದ ಈ ಕಾಡಿನಲ್ಲಿ ಸೈಕಲ್ಲಿಗೆಂದು ಒಂದಿಂಚು ಹೊಸ ದಾರಿಯನ್ನೂ ಕಡಿಯಬಾರದು. ತುಳಸಿ, ವಿಹಾರ್ ಕೆರೆಗಳ ಸುತ್ತ ಈಗ ಮುಚ್ಚಿರುವುದು ಮುಚ್ಚಿಯೇ ಇರಲಿ. ಅಲ್ಲಿ ನೀರಿಗೂ ಪ್ರಾಣಿಗೂ ಇರುವ ಏಕಾಂತಕ್ಕೆ ನಮ್ಮ ವಿಹಾರಕ್ಕಿಂತ ಬೆಲೆ ಹೆಚ್ಚು. ನನ್ನ ಬೇಡಿಕೆ ಈಗಾಗಲೇ ಡಾಂಬರು ಬಿದ್ದಿರುವ, ಈಗಾಗಲೇ ಜನ ಓಡಾಡುವ ರಸ್ತೆಗಳಿಗಷ್ಟೇ ಸೀಮಿತ, ಅದೂ ಸೂರ್ಯ ಹುಟ್ಟಿದ ಮೇಲಿನಿಂದ ಮುಳುಗುವ ಮುಂಚಿನವರೆಗೆ. ಚಿರತೆ ಹೆಚ್ಚಾಗಿ ಓಡಾಡುವುದು ಕತ್ತಲಲ್ಲಿ. ಹಗಲಿನ ಸೈಕಲ್ಲಿಗಿಂತ ರಾತ್ರಿಯ ಕಾರಿನ ದೀಪ, ವೇಗ, ಹಾರ್ನ್ ಅದಕ್ಕೆ ದೊಡ್ಡ ಕಂಟಕ. ಉದ್ಯಾನದ ಉತ್ತರಕ್ಕಿರುವ ಘೋಡ್‌ಬಂದರ್ ರಸ್ತೆಯಲ್ಲಿ ಚಿರತೆಗಳು ವಾಹನಕ್ಕೆ ಸಿಕ್ಕಿ ಸತ್ತಿವೆ. ಮನುಷ್ಯರು ಕಾಡನ್ನು ನೋಡಲೇಬೇಕೆಂದಾದರೆ ಕಾಡಿಗೆ ಅತಿ ಕಡಿಮೆ ಖರ್ಚಿನ ಅತಿಥಿ ಸೈಕಲ್ಲಿನವನೇ.

ಕನ್ಹೇರಿ ರಸ್ತೆ ಉಳಿದದ್ದು ಎಲ್ಲಿಗೂ ಹೋಗದ ಕಾರಣಕ್ಕೆ. ಆರೆ ಕಾಲೊನಿ ಹಾಳಾಗುತ್ತಿರುವುದು ಅದರ ರಸ್ತೆ ಎಲ್ಲಿಗೋ ಹೋಗುವ ಕಾರಣಕ್ಕೆ. 1949ರಲ್ಲಿ ಹಾಲಿನ ಕಾಲೊನಿಯಾಗಿ ಹುಟ್ಟಿದ ಸುಮಾರು 1,287 ಹೆಕ್ಟೇರ್ ಹಸಿರು ಅದು. ಮಿಠಿಯ ಮೊದಲ ಮೈಲುಗಳು ಅಲ್ಲಿವೆ, ವಾರ್ಲಿ ಮೊದಲಾದ ಆದಿವಾಸಿಗಳ ಇಪ್ಪತ್ತೇಳು ಪಾಡಾಗಳು, ಅಂದರೆ ಹಾಡಿಗಳು, ಅಲ್ಲಿವೆ. ಮೆಟ್ರೊ ಕಾರ್ ಶೆಡ್ಡಿಗಾಗಿ 2019ರ ಅಕ್ಟೋಬರಿನಲ್ಲಿ ರಾತ್ರೋರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದಾಗ ಇಡೀ ದೇಶ ಆ ಹೆಸರು ಕೇಳಿತು. ಆದರೆ ಆರೆಯ ನಡುವಿನ ಮುಖ್ಯ ರಸ್ತೆ ಗೋರೆಗಾಂವ್‌ನಿಂದ ಪೊವಾಯಿ ಕಡೆಗೆ ಅಡ್ಡದಾರಿ ಆಗಿರುವುದರ ಬಗ್ಗೆ ಅಷ್ಟು ಮಾತಿಲ್ಲ. ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆ ಅದೇ ದಿಕ್ಕಿಗೆ ಇರುವಾಗಲೂ, ಅಲ್ಲಿನ ಸಿಗ್ನಲ್ ತಪ್ಪಿಸಿಕೊಳ್ಳಲು ಕಾರುಗಳು ಮರಗಳ ನಡುವೆ ನುಗ್ಗುತ್ತವೆ. ಇದೀಗ ಸಾವಿರಾರು ಕೋಟಿ ಖರ್ಚಿನಲ್ಲಿ ಗೋರೆಗಾಂವ್–ಮುಲುಂಡ್ ಲಿಂಕ್ ರಸ್ತೆ ಬರುತ್ತಿದೆ. ಅದಕ್ಕಾಗಿ ಉದ್ಯಾನದ ಅಡಿಯಲ್ಲಿ 4.7 ಕಿಲೋಮೀಟರ್ ಜೋಡಿ ಸುರಂಗ ಕೊರೆಯಲಾಗುತ್ತದೆ. ಠಾಣೆ–ಬೊರಿವಲಿ ನಡುವೆ ಇನ್ನೊಂದು, ಅದಕ್ಕಿಂತ ಉದ್ದದ ಜೋಡಿ ಸುರಂಗ. ಕಾಡಿನ ತಳದಲ್ಲಿ ಕಾರುಗಳಿಗೆ ಇಷ್ಟು ದೊಡ್ಡ ದಾರಿ ಮಾಡಿಕೊಟ್ಟ ಮೇಲೆ ಕಾಡಿನ ಮೇಲೆಯೂ ಅವುಗಳಿಗೆ ದಾರಿ ಏಕೆ ಬೇಕು? ಸುರಂಗ ತೆರೆದ ದಿನವೇ ಆರೆ ರಸ್ತೆಯನ್ನು ದಾಟಿಹೋಗುವ ವಾಹನಗಳಿಗೆ ಮುಚ್ಚಬೇಕು ಎಂಬ ಷರತ್ತನ್ನು ಈಗಲೇ ಬರೆದಿಡಬೇಕು. ಬೆಸ್ಟ್ ಬಸ್ಸು, ಪಾಡಾಗಳ ನಿವಾಸಿಗಳು, ಆಂಬುಲೆನ್ಸು, ಹಾಲಿನ ಗಾಡಿ ಓಡಾಡಲಿ. ಉಳಿದವರು ತಿರುಗಿ ಹೋಗಲಿ. ಅಲ್ಲಿಯವರೆಗೆ ಕನಿಷ್ಠ ಭಾನುವಾರದ ಬೆಳಗು ಆರರಿಂದ ಹತ್ತು.

ಹಾಗೆ ಮುಚ್ಚಿದರೆ ನಗರ ನಿಂತುಹೋಗುತ್ತದೆ ಎಂಬ ಭಯವನ್ನು ಮುಂಬೈ ಒಮ್ಮೆ ಪರೀಕ್ಷೆಗೆ ಒಡ್ಡಿದೆ. 2014ರ ನವೆಂಬರಿನಿಂದ ಕೆಲವು ತಿಂಗಳು 'ಈಕ್ವಲ್ ಸ್ಟ್ರೀಟ್ಸ್' ಹೆಸರಿನಲ್ಲಿ ಬಾಂದ್ರಾ–ಸಾಂತಾಕ್ರೂಜ್ ಪ್ರದೇಶದ ದೊಡ್ಡ ರಸ್ತೆಗಳನ್ನೇ ಭಾನುವಾರ ಬೆಳಿಗ್ಗೆ ವಾಹನಗಳಿಗೆ ಮುಚ್ಚಿದ್ದರು. ಲಿಂಕಿಂಗ್ ರೋಡಿನ ಮೇಲೆ ಮಕ್ಕಳು ಸ್ಕೇಟಿಂಗ್ ಆಡಿದರು, ಅಜ್ಜಿಯರು ರಸ್ತೆಯ ನಟ್ಟನಡುವೆ ನಡೆದರು, ಬಾಡಿಗೆ ಸೈಕಲ್ಲಿಗೆ ಸಾಲು ನಿಂತಿತು. ನಗರ ನಿಲ್ಲಲಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಭಾನುವಾರ ವಾಹನಗಳಿಗೆ ಗೇಟು ಮುಚ್ಚುವ ರೂಢಿ ಬಂದು ವರ್ಷಗಳಾದವು. ಅದೇ ಬೆಂಗಳೂರು ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿನ ದಿಕ್ಕಿಗೆ ಕೋರಮಂಗಲ ಕಣಿವೆಯಲ್ಲಿ ಹರಿಯುವ ರಾಜಕಾಲುವೆಯ ಅಂಚನ್ನು 'ಕೆ-100' ಹೆಸರಿನಲ್ಲಿ ನಡೆದಾಡುವ ಜಾಗ ಮಾಡಲು ಹೊರಟಿತು. ಅದರ ಗುಣದೋಷಗಳ ಚರ್ಚೆ ಬೇರೆ. ಚರಂಡಿಯೆಂದು ಬೆನ್ನು ತಿರುಗಿಸಿದ್ದ ನೀರಿಗೆ ಊರು ಮತ್ತೆ ಮುಖ ಮಾಡಿತು ಎಂಬುದಷ್ಟೇ ಇಲ್ಲಿ ಮುಖ್ಯ.

ಮುಂಬೈಯಲ್ಲಿ ಅಂಥ ಮುಖ ಬೇಕಿರುವುದು ಮಿಠಿಗೆ. ಸುಮಾರು 18 ಕಿಲೋಮೀಟರ್ ಹರಿಯುವ ಈ ನದಿಯನ್ನು ನದಿಯೆಂದು ನಗರ ಗುರುತಿಸಿದ್ದೇ 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದು ಅದು ಮನೆಗಳೊಳಕ್ಕೆ ಬಂದಾಗ. ಆಮೇಲೆ ಗೋಡೆಗಳೆದ್ದವು, ಹೂಳೆತ್ತುವ ಯಂತ್ರಗಳು ಓಡಾಡಲೆಂದು ದಂಡೆಯ ಮೇಲೆ ಅಲ್ಲಲ್ಲಿ ಸರ್ವಿಸ್ ರಸ್ತೆಗಳಾದವು. ಆ ರಸ್ತೆಗಳಿಗೆ ವರ್ಷದಲ್ಲಿ ಹೆಚ್ಚಿನ ಕಾಲ ಕೆಲಸವಿಲ್ಲ. ಎಲ್ಲಿ ಅವಕ್ಕೆ ಗೇಟಿಲ್ಲವೋ ಅಲ್ಲಿ ಲಾರಿ ನಿಲ್ಲುತ್ತದೆ, ಕಸ ಬೀಳುತ್ತದೆ, ಆ ಕಸವೇ ನದಿಗೆ ಜಾರುತ್ತದೆ. ದಿನವೂ ನೂರಾರು ಜನ ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಹಾದುಹೋಗುವ ದಂಡೆಯ ಮೇಲೆ ಕತ್ತಲಲ್ಲಿ ತ್ಯಾಜ್ಯದ ಲಾರಿ ಬರಿದು ಮಾಡುವುದು ಅಷ್ಟು ಸುಲಭವಲ್ಲ. ಈ ನಾರುವ ನೀರಿನ ಪಕ್ಕ ಯಾರು ಸವಾರಿ ಮಾಡುತ್ತಾರೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಇದೇ: ಜನರ ಕಣ್ಣಿಗೆ ಬೀಳದ ತನಕ ನದಿ ನಾರುತ್ತಲೇ ಇರುತ್ತದೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಊರಿನಲ್ಲಿ ಸೈಕಲ್ ಹಾದಿಗೆ ಅರ್ಥವಿದೆಯೇ ಎನ್ನುತ್ತಾರೆ. ಡಬ್ಬಾವಾಲಾಗಳ ಸೈಕಲ್ ಮಳೆಯಲ್ಲೂ ನಿಲ್ಲುವುದಿಲ್ಲ, ಆ ಮಾತು ಬಿಡೋಣ. ನದಿದಂಡೆಯ ಹಾದಿಯನ್ನು ನೆರೆಯ ದಿನಗಳಲ್ಲಿ ಮುಚ್ಚಲೇಬೇಕು, ಮುಚ್ಚುವುದರಲ್ಲಿ ತಪ್ಪೇನಿಲ್ಲ. ಉಳಿದ ಎಂಟು ತಿಂಗಳು ಒಣಗಿದ ನೆಲ, ಡಿಸೆಂಬರ್–ಜನವರಿಯಲ್ಲಿ ಹಿತವಾದ ಮುಂಜಾವು. ನೆದರ್ಲೆಂಡ್ಸಿನ ಮಂಜಿಗೂ ಕೊಪೆನ್‌ಹೇಗನ್ನಿನ ಗಾಳಿಗೂ ಹೋಲಿಸಿದರೆ ಮುಂಬೈಯ ಸವಾರನ ಭಾಗ್ಯ ದೊಡ್ಡದು.

ಪೆಟ್ಟಿಗೆ: ಹೋಗುವವರಿಗೆ
ರಾಷ್ಟ್ರೀಯ ಉದ್ಯಾನಕ್ಕೆ ಸೋಮವಾರ ರಜೆ. ಬೊರಿವಲಿ ನಿಲ್ದಾಣದ ಪೂರ್ವಕ್ಕೆ ಇಳಿದರೆ ಗೇಟು ಹತ್ತಿರ. ಕನ್ಹೇರಿಯವರೆಗೆ ಏರು, ಮರಳುವಾಗ ಇಳಿಜಾರು. ಹೊರಡುವ ಮೊದಲು ಬ್ರೇಕ್ ಪರೀಕ್ಷಿಸಿ, ಕೋತಿಗಳ ಎದುರು ತಿಂಡಿ ಪೊಟ್ಟಣ ಬಿಚ್ಚಬೇಡಿ.

39 ಕಿಲೋಮೀಟರಿನ ಆ ಪೈಪ್‌ಲೈನ್ ಹಾದಿ ಅಖಂಡವಾಗಿ ತೆರೆದಿದೆ ಎಂದು ಒಂದು ಗಳಿಗೆ ಲೆಕ್ಕ ಹಾಕಿ ನೋಡಬಹುದು. ಮುಲುಂಡಿನ ಕಾಡಂಚಿನಲ್ಲಿ ಬೆಳಿಗ್ಗೆ ಆರಕ್ಕೆ ಹೊರಡುವುದು, ಗಂಟೆಗೆ ಹನ್ನೆರಡು ಕಿಲೋಮೀಟರಿನ ನಿಧಾನದ ಸವಾರಿ. ಎಡಕ್ಕೋ ಬಲಕ್ಕೋ ತಾನ್ಸಾದ ನೀರು ಕೊಳವೆಯೊಳಗೆ ಜೊತೆಗೇ ಬರುತ್ತಿರುತ್ತದೆ. ಭಾಂಡುಪ್ ದಾಟುವಾಗ ಬಿಸಿಲು ಬಂದಿರುತ್ತದೆ, ಘಾಟ್ಕೋಪರ್ ಹೊತ್ತಿಗೆ ಓಣಿಯ ಮಕ್ಕಳ ಕ್ರಿಕೆಟ್ ಶುರುವಾಗಿರುತ್ತದೆ. ಕೊನೆಗೆ ಸಯನ್. ಅಲ್ಲಿಂದ ಕಿಂಗ್ಸ್ ಸರ್ಕಲ್ ತುಳಿತಕ್ಕೆ ಹತ್ತು ನಿಮಿಷ. ಮಾಟುಂಗಾದ ಉಡುಪಿ ಹೋಟೆಲುಗಳ ಮುಂದೆ ಭಾನುವಾರದ ಸಾಲು ಅಷ್ಟು ಹೊತ್ತಿಗೆ ಫುಟ್‌ಪಾತ್ ತುಂಬಿರುತ್ತದೆ. ಸೈಕಲ್ಲಿಗೆ ಬೀಗ ಹಾಕಿ, ಹೆಸರು ಬರೆಸಿ, ಕಾಫಿಗೆ ಕಾಯಬೇಕು.